ಕಚ್ಚಿದ ಬಿಲ್ಲೆ

ಮುನ್ನಾಲಾಲ್ ಸುರಂಗದ ಒಳಗಿದ್ದಾಗಲೇ ಮೇಲಿನವರು ಪಂಪು ಚಾಲೂ ಮಾಡಿದರು. ಮಂಗಳವಾರ ಮಧ್ಯಾಹ್ನದ ಮಾತು. ಇವತ್ತು ಶನಿವಾರ.

ಶನಿವಾರವೂ ಕಂಪನಿಯ ಕಾರು ಮಯೂರ್ ವಿಹಾರದ ಸೊಸೈಟಿ ಗೇಟಿನ ಮುಂದೆ ನಿಂತು ಹಾರ್ನ್ ಹೊಡೆಯಿತು. ಧಾರಿಣಿ ಮೆಟ್ಟಿಲಿಳಿದು ಬಂದಳು. ಮಂಗಳವಾರದಿಂದ ದಿನವೂ ನಿದ್ದೆ ಬಂದಿತ್ತು, ಅದೇ ಅವಳಿಗೆ ನಾಚಿಕೆ. ಇಷ್ಟೂ ರಾತ್ರಿ ಕೊರಡಿನ ಹಾಗೆ ಮಲಗಿದ್ದಳು. ಎದ್ದು ಹಲ್ಲುಜ್ಜಿದ್ದಳು, ಉಪ್ಪಿಟ್ಟು ತಿಂದಿದ್ದಳು, ಉಪ್ಪು ಕಮ್ಮಿ ಅಂತ ಗಂಡನಿಗೆ ಹೇಳಿಯೂ ಇದ್ದಳು. ಗಂಡ ಶ್ರೇಯಸ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಮೇಷ್ಟರು. ದುಡಿಯುವವರ ಸಾವುಗಳ ಬಗ್ಗೆ ಅವನು ಓದಿದ ಪ್ರಬಂಧಕ್ಕೆ ಹೋದ ಚಳಿಗಾಲ ಸಭೆಯೇ ಎದ್ದು ನಿಂತು ಚಪ್ಪಾಳೆ ಹೊಡೆದಿತ್ತು. ಅವನು ಉಪ್ಪಿನ ಡಬ್ಬಿ ಅವಳ ಕಡೆಗೆ ಸರಿಸುತ್ತಾ, "ಭಾವುಕವಾಗಿ ಯೋಚಿಸಬೇಡ. ಒಬ್ಬಳೇ ಎದುರು ನಿಂತರೆ ವ್ಯವಸ್ಥೆ ನಿನ್ನನ್ನ ನುಂಗಿಹಾಕುತ್ತೆ. ಇವತ್ತು ಹೋಗಿ ಕಂಪನಿಯವರು ಹೇಳಿದ್ದು ಮಾಡಿ ಬಾ. ಆಮೇಲೆ ಕೆಲಸ ಬಿಡು. ಆಮೇಲೆ ಇಬ್ಬರೂ ಸೇರಿ ಬರೆಯೋಣ," ಅಂದ. ಬರೆಯೋಣ ಅನ್ನುವಾಗ ಅವನ ಕಣ್ಣು ಹೊಳೆಯಿತು. ಅದನ್ನು ನೋಡಿದ್ದಕ್ಕೆ ತನಗೇ ಏನೋ ತಪ್ಪು ಮಾಡಿದ ಹಾಗಾಗಿ ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು.

ಗೇಟಿನ ಪಕ್ಕದಲ್ಲಿ ಫೂಲ್ವತಿ ಕೂತಿದ್ದಳು. ಮುನ್ನಾಲಾಲನ ಹೆಂಡತಿ. ವಾಚ್‌ಮನ್ ಅವಳನ್ನು ನೆರಳಿನಿಂದ ಎಬ್ಬಿಸಿದ್ದನೆಂದು ಕಾಣುತ್ತದೆ, ನೆರಳು ಮುಗಿಯುವ ಗೆರೆಯ ಆಚೆ ಬಿಸಿಲಲ್ಲಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತಿದ್ದಳು. ಧಾರಿಣಿಯನ್ನು ಕಂಡು ಏಳಲಿಲ್ಲ. "ಮೇಡಂಜೀ, ವೋ ನಿಕಲೇ ಕ್ಯಾ? ಹೊರಗೆ ಬಂದರಾ?" ಅಂತ ಕೇಳಿದಳು. ಬುಧವಾರವೂ ಇದೇ ಮಾತು ಕೇಳಿದ್ದಳು, ಇದೇ ದನಿಯಲ್ಲಿ, ಅಂಗಡಿಯಲ್ಲಿ ಹಾಲು ಬಂತಾ ಅಂತ ಕೇಳುವ ಹಾಗೆ.

"ಸೈಟಿನವರು ಏನಂದ್ರು?" ಅಂದಳು ಧಾರಿಣಿ. ಉತ್ತರ ಗೊತ್ತಿದ್ದೂ ಕೇಳಿದಳು.

"ಮಂಗಳವಾರ ಸಂಜೆಯೇ ಹೊರಟುಹೋದ ಅಂತಾರೆ. ಕುಡಿದು ಎಲ್ಲೋ ಬಿದ್ದಿರ್ತಾನೆ, ಹುಡುಕ್ಕೋ ಹೋಗು ಅಂತಾರೆ." ಫೂಲ್ವತಿ ನೆಲದ ಮೇಲೆ ಬೆರಳಿಂದ ಏನೋ ಗೀಚಿದಳು. "ಆದ್ರೆ ಚಪ್ಪಲಿ ಅಲ್ಲೇ ಇತ್ತು ಮೇಡಂಜೀ, ಪಂಪಿನ ಶೆಡ್ಡಿನ ಹಿಂದೆ. ನೀಲಿ ಪಟ್ಟಿಯದು. ನಾನು ಕಣ್ಣಾರೆ ನೋಡಿದೆ. ಜೂನ್ ತಿಂಗಳ ಬಿಸಿಲಲ್ಲಿ ಬರಿಗಾಲಲ್ಲಿ ಯಾರು ಹೋಗ್ತಾರೆ ಹೇಳಿ? ಕುಡುಕನೂ ಹೋಗಲ್ಲ."

"ಕೇಳ್ತೀನಿ," ಅಂದಳು ಧಾರಿಣಿ. ಕಾರಿನ ಬಾಗಿಲು ಹಾಕಿಕೊಂಡಾಗ ಎ.ಸಿ.ಯ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು, ಹಾಯೆನಿಸಿತು. ಹಾಯೆನಿಸಿದ ಆ ಮುಖಕ್ಕೆ ಯಾರಾದರೂ ಹೊಡೆಯಬಾರದೇ ಅನ್ನಿಸಿತು.

ಯಮುನೆಯ ಸೇತುವೆ ಬಂದಾಗ ಡ್ರೈವರ್ ದಿನದ ಹಾಗೆ ಕಿಟಕಿ ಇಳಿಸಿ ಒಂದು ನಾಣ್ಯ ಎಸೆದು ಹಣೆ ಮುಟ್ಟಿಕೊಂಡ. ಕೆಳಗೆ ಕಪ್ಪು ನೀರಿನಲ್ಲಿ ನೊರೆ, ನೊರೆಯ ನಡುವೆ ನಾಣ್ಯ ಹೆಕ್ಕಲು ಮುಳುಗುವವರ ತಲೆಗಳು. ಇಲ್ಲೇ ಅವಳು ಮುನ್ನಾಲಾಲನನ್ನು ಕಂಡದ್ದು. ಜನ ಎಸೆದ ನಾಣ್ಯ, ಮುಳುಗಿಸಿದ ದೇವರ ಮೇಲಿನ ತಗಡು, ಪೊಲೀಸರು ಕರೆದಾಗ ಹೆಣ, ಇವೇ ಅವನ ಬೆಳೆ. ನಲವತ್ತು ದಾಟಿದ ಗಂಡಸು, ಮುಂದಿನ ಎರಡು ಹಲ್ಲಿನ ನಡುವೆ ಸಂದು, ಮಾತಾಡಿದರೆ ಸೀಟಿ. "ಕೆಲಸ ಏನು ಮೇಡಂ? ನೀರಲ್ಲಿ ತಾನೇ? ನೀರು ಎಲ್ಲ ಕಡೆ ನೀರೇ," ಅಂದಿದ್ದ. ಅಲ್ಲ ಅಂದಿದ್ದಳು ಇವಳು. ನದಿಯಲ್ಲಿ ಉಸಿರು ಕಟ್ಟಿದರೆ ಮೇಲೆ ಬರಬಹುದು, ಈ ಸುರಂಗದ ನೀರಿಗೆ ಮೇಲೆ ಅನ್ನುವುದೇ ಇಲ್ಲ, ತಲೆಯ ಮೇಲೆ ಕಲ್ಲು. ಹೊರಗೆ ಬರುವುದಾದರೆ ಹೋದ ದಾರಿಯಲ್ಲೇ ಬರಬೇಕು. ಅವನು ತಲೆ ಕೆರೆದುಕೊಂಡು, "ಹಾಗಾದ್ರೆ ಅದು ನೀರಲ್ಲ, ಮಾವನ ಮನೆ," ಅಂದು ತಾನೇ ನಕ್ಕಿದ್ದ. ಕರೆದುಕೊಂಡು ಹೋದವಳು ಅವಳೇ. ಇದನ್ನು ಎಷ್ಟು ಸಲ ತನಗೆ ತಾನೇ ಹೇಳಿಕೊಂಡರೂ ವಾಕ್ಯ ಹರಿತ ಕಳೆದುಕೊಳ್ಳುತ್ತಿರಲಿಲ್ಲ.

ಸೊಸೈಟಿಯ ಪಾರ್ಕಿನಲ್ಲಿ ಬೇವಿನ ಮರದಿಂದ ಜಾರುಬಂಡೆಗೆ, ಜಾರುಬಂಡೆಯಿಂದ ನೀರಿನ ಟ್ಯಾಂಕಿನ ಕಂಬಕ್ಕೆ ಬಿಳಿ ದಾರ ಎಳೆದು ಅವನಿಗೆ ಪಾಠ ಮಾಡಿದ್ದಳು. ಹೌಜ್ ಖಾಸಿನ ಸಂಸ್ಥೆಯಲ್ಲಿ ಅಂತರ್ಜಲದ ಮೇಲೆ ಓದುವಾಗ ಅವಳನ್ನು ಪರದೇಶದ ನೀರು ತುಂಬಿದ ಸುಣ್ಣಕಲ್ಲಿನ ಗುಹೆಗಳಿಗೆ ಕಳಿಸಿದ್ದರು, ಅಲ್ಲಿ ಕಲಿತದ್ದು. ಹೆಗಲ ಮೇಲಿನ ಗಮ್ಚಾದಿಂದ ಕಣ್ಣು ಕಟ್ಟಿಕೊಂಡ ಮುನ್ನಾಲಾಲ್ ಹೆಬ್ಬೆರಳು ತೋರುಬೆರಳಿನ ಉಂಗುರದಲ್ಲಿ ದಾರ ಹಿಡಿದು ತಡವುತ್ತಾ ನಡೆಯಬೇಕು. ಅಲ್ಲಲ್ಲಿ ದಾರಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ಕಿನ ಬಾಣ. ಬಾಣದ ಮೂತಿ ಯಾವ ಕಡೆಗೋ ಆ ಕಡೆ ಹೊರದಾರಿ. ಕೆಸರು ಎದ್ದು ದೀಪವೂ ಕಾಣದಾದಾಗ ಬೆರಳೇ ಕಣ್ಣು. ಮಕ್ಕಳು ಗುಂಪುಗೂಡಿ, "ಅಂಕಲ್, ಲೆಫ್ಟ್! ಅಂಕಲ್, ಗಡ್ಢಾ ಹೈ!" ಅಂತ ಗುಂಡಿ ಇಲ್ಲದಲ್ಲೂ ಸುಳ್ಳು ಸುಳ್ಳೇ ಕೂಗಿದರು; ಅವನು ಬೇಕೆಂತಲೇ ಬಿದ್ದು ಅವರನ್ನು ನಗಿಸಿದ. ಸೊಸೈಟಿಯ ಕಾರ್ಯದರ್ಶಿ ನಾಯಿ ಹಿಡಿದುಕೊಂಡು ಬಂದು, "ಮಿಸೆಸ್ ಶ್ರೇಯಸ್, ಪಾರ್ಕು ಮೆಂಬರುಗಳಿಗೆ. ಹೊಳೆದಂಡೆಯವರಿಗಲ್ಲ. ನೀವು ಸೌತ್‌ನವರು ತುಂಬ ಒಳ್ಳೆಯವರು, ಅದು ನಮಗೆ ಗೊತ್ತು," ಅಂದ. ಅವಳು "ಸಾರಿ" ಅಂದಳು. ಕಣ್ಣು ಕಟ್ಟಿಕೊಂಡೇ ನಿಂತಿದ್ದ ಮುನ್ನಾಲಾಲನಿಗೆ ಕಿವಿಯಂತೂ ಕೇಳುತ್ತಿತ್ತು.

ಬಾಣ ಎಲ್ಲರದ್ದು, ಬಿಲ್ಲೆ ಮಾತ್ರ ಒಬ್ಬೊಬ್ಬರದ್ದು. ದಾರಿ ಕವಲೊಡೆಯುವಲ್ಲಿ ಒಳಗೆ ಹೋಗುವ ಪ್ರತಿಯೊಬ್ಬರೂ ತಮ್ಮದೊಂದು ದುಂಡನೆ ಬಿಲ್ಲೆಯನ್ನು ದಾರಕ್ಕೆ ಸಿಕ್ಕಿಸಿ ಮುಂದೆ ಹೋಗಬೇಕು. ಹೊರಗೆ ಬರುವಾಗ ತಮ್ಮದನ್ನು ಮಾತ್ರ ತೆಗೆದುಕೊಂಡು ಬರಬೇಕು. ಇನ್ನೊಬ್ಬರ ಬಿಲ್ಲೆ ಮುಟ್ಟಬಾರದು, ಅವರು ಬೇರೆ ದಾರಿಯಿಂದ ಹೋಗಿಬಿಟ್ಟರೆಂದು ಆಣೆಯಿಟ್ಟು ಹೇಳುವಂತಿದ್ದರೂ. ಬಿಲ್ಲೆ ಇದ್ದರೆ ಆ ಮನುಷ್ಯ ಒಳಗಿದ್ದಾನೆ. ಬಿಲ್ಲೆ ಇಲ್ಲದಿದ್ದರೆ ಹುಡುಕುವವರು ಅಲ್ಲಿಂದಲೇ ವಾಪಸು. ಅವಳು ಇಷ್ಟನ್ನೂ ಹೇಳಿ ಮುಗಿಸುವವರೆಗೆ ಬೀಡಿ ಎಳೆಯುತ್ತಿದ್ದ ಮುನ್ನಾಲಾಲ್, "ಅಚ್ಛಾ, ಅಂದ್ರೆ ಚಪ್ಪಲಿ," ಅಂದ. "ಗುರುದ್ವಾರದ ಹೊರಗೆ ಬಿಟ್ಟ ಚಪ್ಪಲಿ. ಚಪ್ಪಲಿ ಇದ್ರೆ ಆಸಾಮಿ ಒಳಗೆ. ಬೇರೆಯವರದ್ದು ಮೆಟ್ಟಿಕೊಂಡು ಹೋಗಬಾರದು. ಇಷ್ಟಕ್ಕೆ ಇಂಗ್ಲಿಷ್ ಬೇಕಾ ಮೇಡಂ?" ಬಿಲ್ಲೆಗಳನ್ನು ಅವಳು ಪೇಂಟ್ ಬಕೆಟ್ಟಿನ ಬಿಳಿ ಮುಚ್ಚಳದಿಂದ ಕತ್ತರಿಸಿದ್ದಳು. ತನ್ನದರ ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿಕೊಂಡಿದ್ದಳು, ಕತ್ತಲಲ್ಲಿ ಗುರುತಿಗೆ. ಅವನು ತನ್ನದನ್ನು ಬಾಯಿಗಿಟ್ಟು ಕರಕ್ಕನೆ ಕಚ್ಚಿದ. ಸಂದು ಬಿಟ್ಟ ಎರಡು ಹಲ್ಲಿನ ಗುರುತು. "ಇದನ್ನ ಯಾವ ಮಗ ನಕಲು ಮಾಡ್ತಾನೆ ನೋಡೋಣ."

ಗುಡಗಾಂವಿನ ಕಡೆ ಮೆಟ್ರೋ ಕಂಬಗಳು ಇನ್ನೂ ತಲೆಯಿಲ್ಲದೆ ನಿಂತಿದ್ದವು. ಮುಂದಿನ ವರ್ಷದ ಕ್ರೀಡಾಕೂಟದ ಹೆಸರಿನಲ್ಲಿ ಊರನ್ನೆಲ್ಲ ಅಗೆದು ಹಾಕಿದ್ದರು. ಧೂಳಿನಲ್ಲಿ ಹೆಂಗಸರು ತಲೆಯ ಮೇಲೆ ಇಟ್ಟಿಗೆ ಹೊತ್ತು ಸಾಲಾಗಿ ಹೋಗುತ್ತಿದ್ದರು. ಕಂಪನಿಯ ಹೊಸ ಟವರಿನ ನೆಲಮಾಳಿಗೆ ಅಗೆಯುವಾಗ ಆ ಸುರಂಗ ಸಿಕ್ಕಿತ್ತು. ಯಾವ ಕಾಲದ್ದೋ, ಕೆತ್ತಿದ ಕಲ್ಲು, ಸುಣ್ಣದ ಗಾರೆ, ಮೇಲ್ಚಾವಣಿಯವರೆಗೆ ನೀರು. ಸರಕಾರಕ್ಕೆ ತಿಳಿಸಿದರೆ ಹಳೆಯ ಕಟ್ಟಡ ಅಂತ ಕೆಲಸ ನಿಲ್ಲಿಸುತ್ತಾರೆ. ಅದಕ್ಕೇ ಯಾರಿಗೂ ತಿಳಿಸಲಿಲ್ಲ. ನೀರು ಎಲ್ಲಿಂದ ಬರುತ್ತದೆ ನೋಡಿ ಬರಲು ಧಾರಿಣಿಯನ್ನು ಇಳಿಸಿದರು. ಒಬ್ಬರೇ ಹೋಗುವ ಹಾಗಿಲ್ಲ ಎಂದು ಅವಳು ಹಟ ಹಿಡಿದಳು. ನಿಯಮ ಅಂದರೆ ನಿಯಮ. ಆ ನಿಯಮಕ್ಕೋಸ್ಕರವೇ ಮುನ್ನಾಲಾಲ್ ಬಂದ. ಮಂಗಳವಾರ ಅವಳು ನೀರಿನ ಬಳಿ ಇರಲಿಲ್ಲ. ಗಾಜಿನ ಕಟ್ಟಡದ ಮೇಲಿನ ಮಹಡಿಯಲ್ಲಿ, ಹಣ ಹೂಡುವವರ ಮುಂದೆ, ಪರದೆಯ ಮೇಲೆ ಹಳದಿ ಬಾಣದ ಚಿತ್ರ ತೋರಿಸುತ್ತಾ, ನಮ್ಮ ಕೆಲಸದಲ್ಲಿ ಸುರಕ್ಷತೆಯೇ ಮೊದಲು ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ಬಿಸ್ಕತ್ತು ಚೆನ್ನಾಗಿತ್ತು. ಅದೇ ಹೊತ್ತಿಗೆ ಮುನ್ನಾಲಾಲನನ್ನು ಒಬ್ಬನನ್ನೇ ಇಳಿಸಿದರು, ಅವನು ವಾಪಸು ಬರುವುದನ್ನು ಕಾಯದೆ ಪಂಪು ಹಾಕಿದರು. ಮೇಲಿನ ಸ್ಲ್ಯಾಬು ಹಾಕಲು ತಡವಾಗುತ್ತಿತ್ತು. ನೀರು ಇಳಿಯಿತು, ನೀರೇ ಒತ್ತಿ ಹಿಡಿದಿದ್ದ ಹಳೆಯ ಗಾರೆ ಸಡಿಲಿ ಕಲ್ಲು ಕುಸಿಯಿತು. ಪಂಪು ನಿಲ್ಲಿಸಿದ ಮೇಲೆ ನೀರು ತನ್ನ ಮಟ್ಟಕ್ಕೆ ಮರಳಿ ಬಂತು. ಗುರುವಾರ ಧಾರಿಣಿ, ನಿಯಮ ಮುರಿದು, ಒಬ್ಬಳೇ ಇಳಿದು ನೋಡಿದಳು. ಕವಲಿನಲ್ಲಿ ಬಿಲ್ಲೆ ಇತ್ತು. ಆಚೆ ದಾರ ಕಲ್ಲಿನ ರಾಶಿಯ ಅಡಿಗೆ ಹೋಗಿತ್ತು. ಹಿಡಿದು ಎಳೆದಳು. ಬಿಗಿಯಾಗಿತ್ತು. ಇನ್ನೊಂದು ಸಲ ಎಳೆದಳು, ಯಾರದೋ ಮನೆಯ ಕರೆಗಂಟೆ ಒತ್ತುವ ಹಾಗೆ, ಒತ್ತಿ ಕಾಯುವ ಹಾಗೆ.

"ಅರೆ ಧಾರಿಣಿ! ಬಾ ಬಾ. ಚಾಯ್ ತಗೊಳ್ತೀಯಾ? ನಿಂಬೂಪಾನಿ?" ರಜತ್ ಸೈಟಿನ ತಗಡಿನ ಆಫೀಸಿನಿಂದ ಹೊರಗೆ ಬಂದ. ಪ್ರಾಜೆಕ್ಟಿನ ಮುಖ್ಯಸ್ಥ ಇವನೇ. ಅಪ್ಪ ಮೈಸೂರಿನವರು, ಇವನು ಹುಟ್ಟಿ ಬೆಳೆದದ್ದೆಲ್ಲ ದೆಹಲಿಯ ಸರಕಾರಿ ಕ್ವಾರ್ಟರ್ಸಿನಲ್ಲಿ. ಆಫೀಸಿನಲ್ಲಿ ಎಲ್ಲರೊಂದಿಗೆ ಹಿಂದಿ, ಅವಳೊಂದಿಗೆ ಮಾತ್ರ ಕನ್ನಡ, ಅದೂ ಏನಾದರೂ ಬೇಕಾದಾಗ. "ನಿನ್ನ ಹತ್ರ ಏನು ಮುಚ್ಚಿಡೋದು, ನಾವು ನಾವೇ. ಮೂರು ಗಂಟೆಗೆ ಇನ್ಶೂರೆನ್ಸಿನವರು ಕ್ಯಾಮೆರಾ ಇಳಿಸ್ತಾರೆ. ಸಂಜೆ ಕಾಂಕ್ರೀಟು. ಬಸ್, ಖತಂ. ನೀನು ಒಳಗೆ ಹೋಗಿ ಆ ದಾರ, ಆ್ಯರೋ, ಆ ಗೋಲ್ ಗೋಲ್ ಏನಿದೆ ಅದು, ಎಲ್ಲ ಕ್ಲೀನ್ ಮಾಡ್ಕೊಂಡು ಬಾ. ಯಾರೂ ಒಳಗೆ ಹೋಗೇ ಇಲ್ಲ ಅನ್ನೋ ಹಾಗೆ."

"ಮುನ್ನಾಲಾಲ್ ಒಳಗಿದ್ದಾನೆ."

"ಯಾರು ನೋಡಿದ್ದು?"

"ಅವನ ಬಿಲ್ಲೆ ಇದೆ."

"ಪ್ಲಾಸ್ಟಿಕ್, ಧಾರಿಣಿ. ಒಂದು ಪ್ಲಾಸ್ಟಿಕ್ ತುಂಡು." ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ಅವನಿಗೂ ದಣಿವಾಗಿತ್ತು, ಕಣ್ಣಿನ ಕೆಳಗೆ ಕಪ್ಪು. ಅದು ಅವಳಿಗೆ ಬೇಡವಾಗಿತ್ತು. ಅವನು ದುಂಡಗೆ ಹೊಳೆಯುತ್ತಾ ನಿಂತಿದ್ದರೆ ಸುಲಭವಿತ್ತು. "ನನಗೇನು ಬೇಜಾರಿಲ್ವಾ? ಆದ್ರೆ ಆ ಆದ್ಮಿ ಈಗ ಬರ್ತಾನಾ? ಇಲ್ಲ. ಟವರ್ ನಿಂತರೆ ಎಷ್ಟು ಜನರ ಹೊಟ್ಟೆ ಮೇಲೆ ಹೊಡೆದ ಹಾಗಾಯ್ತು? ಈ ಲೇಬರ್‌ನವರನ್ನ ಕೇಳು ಹೋಗು. ಮತ್ತೆ ಅವನನ್ನ ಕರ್ಕೊಂಡು ಬಂದಿದ್ದು ಯಾರು? ನಾನಾ?" ತಡೆದು, ದನಿ ತಗ್ಗಿಸಿ, "ಚಲೋ, ಬಿಡು. ನಾನು ಯಾರಿಗೂ ಹೇಳಲ್ಲ," ಅಂದ. ಆ ಉಪಕಾರ ಅವಳ ಹೆಗಲ ಮೇಲೆ ಒದ್ದೆ ಟವೆಲಿನ ಹಾಗೆ ಬಿತ್ತು.

ಅವಳು ಪಂಪಿನ ಶೆಡ್ಡಿನ ಹಿಂದಕ್ಕೆ ಹೋದಳು. ಚಪ್ಪಲಿ ಇರಲಿಲ್ಲ. ಉಡುಪು ಬದಲಾಯಿಸಿಕೊಂಡು ಬರುವಾಗ ಕೆಲಸಗಾರರು ಸಲಿಕೆಗೆ ಒರಗಿ, ಮೈಗಂಟಿದ ರಬ್ಬರಿನ ಉಡುಪಿನ ಹೆಂಗಸನ್ನು ದಿನದ ಹಾಗೆ ನೋಡಿದರು. ದಿನದ ಹಾಗೆ ಅವಳ ಹೆಜ್ಜೆ ಸೊಟ್ಟಗಾಯಿತು. ಇಳಿಯುವ ಬಾವಿಯ ಬಳಿ ಕಾವಲುಗಾರ ನಿಂತಿದ್ದ. ಅವನ ಖಾಕಿ ಪ್ಯಾಂಟಿನ ಕೆಳಗೆ ನೀಲಿ ಪಟ್ಟಿಯ ಚಪ್ಪಲಿ, ಹಿಮ್ಮಡಿಯ ಹಿಂದೆಯೂ ಮಿಗುವಷ್ಟು ದೊಡ್ಡದು. ಅವಳ ಕಣ್ಣು ಎಲ್ಲಿದೆ ಎಂದು ಗೊತ್ತಾಗಿ ಅವನು ಒಂದು ಕಾಲನ್ನು ಇನ್ನೊಂದರ ಹಿಂದೆ ಎಳೆದುಕೊಂಡ. "ಬಿದ್ದಿತ್ತು ಮೇಡಂ. ಸಾಹೇಬರು ಬಿಸಾಕು ಅಂದ್ರು. ಹೊಸದರ ಹಾಗೇ ಇತ್ತು..." ಮೀಸೆ ಹಣ್ಣಾದವನು. ಅವನನ್ನು ಬೈಯಬೇಕೆಂದು ಬಾಯಿ ತೆರೆದಳು. ತಟ್ಟೆ, ಉಪ್ಪಿನ ಡಬ್ಬಿ, ಸೊಸೈಟಿಯ ಕಾರ್ಯದರ್ಶಿಗೆ ಅಂದ "ಸಾರಿ", ಹೂಡಿಕೆದಾರರ ಬಿಸ್ಕತ್ತು, ಇವೆಲ್ಲ ಬಾಯಿಯ ತುಂಬ ಇದ್ದವು, ಮಾತಿಗೆ ಜಾಗವಿರಲಿಲ್ಲ. ಸಿಲಿಂಡರುಗಳನ್ನು ಬೆನ್ನಿಗೆ ಹಾಕಿಕೊಂಡು ಕಬ್ಬಿಣದ ಏಣಿಯಲ್ಲಿ ಇಳಿದಳು.

ನೀರು ತಣ್ಣಗಿತ್ತು. ಈ ತಂಪು ಒಂದು ಕಾಲಕ್ಕೆ ಅವಳಿಗೆ ಇಷ್ಟವಾಗಿತ್ತು. ಮೇಲಿನ ಬಿಸಿಲು, ಮೀಟಿಂಗು, ಮಾತು ಎಲ್ಲ ಕತ್ತರಿಸಿ ಬಿದ್ದು, ತನ್ನ ಉಸಿರಿನ ಸದ್ದು ಮಾತ್ರ ಉಳಿಯುವ ಜಾಗ. ದೀಪದ ಬೆಳಕಿನಲ್ಲಿ ಬಿಳಿ ದಾರ, ದಾರದ ಮೇಲೆ ಬಾಣ. ಒಳಗೆ ಹೋಗುವವರಿಗೆ ಬಾಣಗಳೆಲ್ಲ ಎದುರಾಗುತ್ತವೆ. ಒಂದೊಂದೂ ಮೂತಿಯನ್ನು ಎದೆಗೆ ಗುರಿಯಿಟ್ಟು, ತಿರುಗು, ಹಿಂದಿರುಗು ಅನ್ನುತ್ತದೆ. ಮುನ್ನಾಲಾಲನಿಗೂ ಅಂದಿರಬೇಕು. ಅವನು ಹಿಂದಿರುಗುತ್ತಿದ್ದನೋ ಏನೋ. ಪಂಪಿನ ಸದ್ದು ಕಲ್ಲಿನಿಂದ ಕಲ್ಲಿಗೆ ಬಂದು ಕಿವಿಗೆ ಬಡಿದಾಗ, ಕೆಸರೆದ್ದು ಕತ್ತಲಾದಾಗ, ಹೆಬ್ಬೆರಳು ತೋರುಬೆರಳಿನ ಉಂಗುರ ಮಾಡಿ ದಾರ ಹಿಡಿದನೇ? ಪಾರ್ಕಿನ ಮಕ್ಕಳು ನೆನಪಾದರೇ? ಎಷ್ಟೊಂದು ಹೆಣಗಳನ್ನು ಮೇಲೆ ತಂದವನು. ಒಮ್ಮೆ ಹೇಳಿದ್ದ: "ಹೆಣಕ್ಕೆ ಹೆದರಿಕೆ ಇಲ್ಲ ಮೇಡಂ. ದಡದಲ್ಲಿ ನಿಂತವರು ಇದು ನಮ್ಮದಲ್ಲ ಅಂತಾರಲ್ಲ, ಅದಕ್ಕೆ ಹೆದರಿಕೆ. ಆಗ ಮತ್ತೆ ನೀರಿಗೆ ಹಾಕೋಕೂ ಆಗಲ್ಲ."

ಕವಲಿನಲ್ಲಿ ಎರಡು ದಾರ ಕೂಡುವಲ್ಲಿ ಬಾಣ; ಬಾಣದ ಪಕ್ಕದಲ್ಲಿ ಅವನ ಬಿಲ್ಲೆ. ಅಭ್ಯಾಸಬಲದಿಂದ ಅವಳ ಕೈ ತನ್ನ ಬಿಲ್ಲೆ ತೆಗೆದು ಅದರ ಮಗ್ಗುಲಿಗೆ ಸಿಕ್ಕಿಸಿತು. ಆಮೇಲೆ ದೀಪ ಆರಿಸಿದಳು. ಯಾಕೆಂದು ಗೊತ್ತಿರಲಿಲ್ಲ. ಕತ್ತಲಲ್ಲಿ ಬೆರಳು ಅವನ ಬಿಲ್ಲೆಯ ಅಂಚನ್ನು ಸುತ್ತಿತು. ಮೊದಲ ಹಲ್ಲು. ಸಂದು. ಎರಡನೆಯ ಹಲ್ಲು. ಬಿಲ್ಲೆಗೆ ಭಾರವೇ ಇರಲಿಲ್ಲ. ಉಗುರಿನಿಂದ ಮೀಟಿದರೆ ಬರುತ್ತದೆ, ಮೀಟಿದಳು, ಅರ್ಧ ಬಂತು. ಮುಗಿಯುತ್ತದೆ. ಉಡುಪಿನ ಜೇಬಿಗೆ ಹಾಕಿಕೊಂಡರೆ ಮುಗಿಯುತ್ತದೆ. ಕಾರಿನಲ್ಲಿ ತಣ್ಣಗೆ ಹೋಗಬಹುದು. ಸೋಮವಾರ ಬರುತ್ತದೆ. ಶ್ರೇಯಸ್ ಬರೆಯುತ್ತಾನೆ, ಚೆನ್ನಾಗಿಯೇ ಬರೆಯುತ್ತಾನೆ. ಫೂಲ್ವತಿ ಗೇಟಿನ ಬಳಿ ಇನ್ನಷ್ಟು ದಿನ ಕೂತು, ಒಂದು ದಿನ ಕೂರುವುದಿಲ್ಲ. ಕುಡಿದು ಎಲ್ಲೋ ಬಿದ್ದವನ ಹೆಂಡತಿಯಾಗಿ ಬದುಕುತ್ತಾಳೆ. ಸತ್ತವನ ಹೆಂಡತಿಯಾಗಿ ಅಳುವುದಕ್ಕೂ ಅವಳ ಪಾಲಿಗೆ ಪುರಾವೆ ಇರುವುದಿಲ್ಲ. ಇಡೀ ಗುಡಗಾಂವಿನಲ್ಲಿ, ಈ ಗಾಜಿನ ಕಾಡಿನಲ್ಲಿ, ಮುನ್ನಾಲಾಲ್ ಎಂಬೊಬ್ಬ ಇಲ್ಲಿ ಹಾದುಹೋದ, ಇನ್ನೂ ಬಂದಿಲ್ಲ ಎಂದು ಹೇಳುತ್ತಿರುವುದು ಈ ಪೇಂಟ್ ಬಕೆಟ್ಟಿನ ಮುಚ್ಚಳದ ಚೂರು ಒಂದೇ. ಅದೂ ಈಗ ತನ್ನ ಉಗುರಿನ ತುದಿಯಲ್ಲಿ ಅರ್ಧ ಬಂದಿದೆ.

ಎಷ್ಟು ಹೊತ್ತು ಹಾಗೆ ತೇಲಿದಳೋ. ಅವಳಿಗೆ ಧೈರ್ಯವೇನೂ ಬರಲಿಲ್ಲ. ಬಂದದ್ದು ಸುಸ್ತು. ಇನ್ನೊಂದು ಸಲ "ಕೇಳ್ತೀನಿ" ಅನ್ನಲು, ಇನ್ನೊಂದು ಸಲ "ಸಾರಿ" ಅನ್ನಲು, ಇನ್ನೊಂದು ತಟ್ಟೆ ಎತ್ತಿಕೊಂಡು ಒಳಗೆ ಹೋಗಲು ಆಗದಷ್ಟು ಸುಸ್ತು. ಬಿಲ್ಲೆಯನ್ನು ಒತ್ತಿ ದಾರಕ್ಕೆ ಮತ್ತೆ ಕೂರಿಸಿದಳು. ಗಟ್ಟಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡಿದಳು. ಬಾಣಗಳನ್ನು ಮುಟ್ಟಲಿಲ್ಲ. ತಿರುಗುವ ಮುಂಚೆ ಕೈ ತನ್ನ ಬಿಲ್ಲೆಯ ಕಡೆಗೆ ಹೋಯಿತು, ಕತ್ತರಿಯ ಕಚ್ಚು ಬೆರಳಿಗೆ ಸಿಕ್ಕಿತು. ಅಲ್ಲೇ ನಿಂತಿತು. ಬಿಟ್ಟಿತು.

ಬಾವಿಯಲ್ಲಿ ತಲೆ ಎತ್ತಿದಾಗ ಬೆಳಕಿನ ದುಂಡಗಿನ ಬಾಯಿ, ಅದರ ಅಂಚಿನಲ್ಲಿ ರಜತನ ಮುಖ. ಅವನ ಹಿಂದೆ ಎಲ್ಲೋ ಕಾಂಕ್ರೀಟು ಲಾರಿಯ ಹೊಟ್ಟೆ ತಿರುಗುವ ಸದ್ದು. ಮೂರು ಗಂಟೆಯೂ ಆಗಿರಲಿಲ್ಲ, ಆಗಲೇ ಲಾರಿ ಬಂದಿತ್ತು. ಅವಳು ಉಸಿರಿನ ಕೊಳವೆ ಬಾಯಿಂದ ತೆಗೆದು, ಏಣಿಯ ಕೆಳಗಿನ ಮೆಟ್ಟಿಲಿಗೆ ತೋಳು ಸಿಕ್ಕಿಸಿಕೊಂಡು, ಎದೆಮಟ್ಟದ ನೀರಿನಲ್ಲೇ ನಿಂತಳು.

"ಹೋ ಗಯಾ? ಎಲ್ಲ ತಂದೆಯಾ?"

"ಇಲ್ಲ."

"ಏನು ಇಲ್ಲ? ದಾರ?"

"ಅಲ್ಲೇ ಇದೆ. ಬಾಣ ಇದೆ. ಅವನ ಬಿಲ್ಲೆ ಇದೆ. ನನ್ನದೂ ಇದೆ." ಬಾವಿಯ ಗೋಡೆ ಅವಳ ದನಿಯನ್ನು ದೊಡ್ಡದು ಮಾಡಿ ಮೇಲೆ ಕಳಿಸುತ್ತಿತ್ತು. "ಅಗ್ನಿಶಾಮಕದವರನ್ನ ಕರೆಸು. ಪೊಲೀಸರನ್ನ ಕರೆಸು. ಒಳಗೆ ಮನುಷ್ಯ ಇದ್ದಾನೆ ಅಂತ ನೀನೇ ಹೇಳು, ಹೆಸರು ಹೇಳಿ ಹೇಳು. ಕಲ್ಲು ತೆಗೆದು ಅವನನ್ನ ತರಲಿ."

"ಪಾಗಲ್ ಹೋ ಗಯೀ ಹೋ ಕ್ಯಾ?" ರಜತನ ಕನ್ನಡ ಬಿದ್ದುಹೋಯಿತು. ಸುತ್ತ ನೋಡಿದ. ಸಲಿಕೆ ಹಿಡಿದವರು ಒಬ್ಬೊಬ್ಬರಾಗಿ ಬಾವಿಯ ಬಾಯಿಗೆ ಬಂದು ಬಗ್ಗಿ ನೋಡುತ್ತಿದ್ದರು, ಅವರ ತಲೆಗಳು ಬೆಳಕಿನ ಸುತ್ತ ಕಪ್ಪಗೆ ಕಟ್ಟಿಕೊಂಡವು. ಕಾವಲುಗಾರನೂ ಬಂದ. ಬಂದವನು ಬಗ್ಗಿ, ಕಾಲಿನ ಚಪ್ಪಲಿ ಒಂದೊಂದಾಗಿ ಬಿಚ್ಚಿ, ಬಾವಿಯ ಅಂಚಿನಲ್ಲಿಟ್ಟು, ಬಿಸಿ ಮಣ್ಣಿನ ಮೇಲೆ ಬರಿಗಾಲಲ್ಲಿ ಹಿಂದೆ ಸರಿದ. ರಜತ್ ಅದನ್ನು ನೋಡಲಿಲ್ಲ. ಮತ್ತೆ ಕನ್ನಡ ಹುಡುಕಿಕೊಂಡು ಮೆಲ್ಲನೆ, ಮಗುವಿಗೆ ಹೇಳುವ ಹಾಗೆ ಹೇಳಿದ: "ಧಾರಿಣಿ, ನೋಡು, ಎಲ್ಲರೂ ನೋಡ್ತಿದ್ದಾರೆ. ತಮಾಷಾ ಬೇಡ. ಮೊದಲು ನೀನು ಹೊರಗೆ ಬಾ. ಹೊರಗೆ ಬಂದು ಮಾತಾಡೋಣ."

ನೀರು ಅವಳ ಎದೆಯನ್ನು ತಣ್ಣಗೆ ಒತ್ತುತ್ತಿತ್ತು. ತೋಳು ಮರಗಟ್ಟುತ್ತಿತ್ತು. ಅವಳು ಏಣಿಯನ್ನು ಇನ್ನೊಂದು ಕೈಯಿಂದಲೂ ಹಿಡಿದುಕೊಂಡಳು.

"ಬರಲ್ಲ," ಅಂದಳು. "ನಾವಿಬ್ಬರೂ ಇನ್ನೂ ಒಳಗಿದ್ದೀವಿ."